ಆಶಾ ಅಕ್ಕನಿಗೆ ಯಾರು ಹೇಳಿಕೊಟ್ಟರು?

ನಮ್ಮ ಕಡೆಯ ಹೆಂಗಸರಿಗೆ ಮುಟ್ಟು ಎಂಬ ಪದವನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. ‘ಹೊರಗೆ’, ‘ರಜೆ’, ‘ತಿಂಗಳದ್ದು’ ಎಂದು ಏನಾದರೊಂದು ಹೇಳಿ ಮಾತು ಮುಗಿಸುತ್ತಾರೆ. ಆಸ್ಪತ್ರೆಗೆ ಹೋದರೂ ಡಾಕ್ಟರರ ಮೇಜಿನ ಎದುರು ಕುಳಿತಾಗ ಅರ್ಧ ವಿಷಯ ಗಂಟಲಲ್ಲೇ ಉಳಿಯುತ್ತದೆ. ಆ ಉಳಿದ ಅರ್ಧವನ್ನು ಕೇಳಿಸಿಕೊಳ್ಳುವವಳು ಆಶಾ ಕಾರ್ಯಕರ್ತೆ. ಆಕೆ ಹಿಂಬಾಗಿಲಿನಿಂದ ಅಡುಗೆಮನೆಗೇ ಬರುತ್ತಾಳೆ, ಚಾ ಕುಡಿಯುತ್ತಾಳೆ, ಹೆಸರು ಹಿಡಿದು ವಿಚಾರಿಸುತ್ತಾಳೆ. ಆದ್ದರಿಂದ ಆಕೆಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದು ಒಂದು ಊರಿನ ಹೆಣ್ಣುಮಕ್ಕಳೆಲ್ಲರ ಆರೋಗ್ಯದ ಪ್ರಶ್ನೆಯಾಗುತ್ತದೆ.

ನನ್ನ ಚಿಕ್ಕಮ್ಮನ ಮಗಳು ಹಲವು ವರ್ಷಗಳಿಂದ ಆಶಾ ಕಾರ್ಯಕರ್ತೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೀಗಾಗಿ ಅವಳ ಚೀಲದಲ್ಲಿದ್ದ ಮಾತ್ರೆ, ಕಾರ್ಡು, ಪ್ಯಾಕೆಟುಗಳ ಕತೆಯೆಲ್ಲ ನನಗೆ ತಿಳಿದಿದೆ. 2011ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ಪ್ರದೇಶದ 10ರಿಂದ 19 ವರ್ಷದ ಹೆಣ್ಣುಮಕ್ಕಳಿಗಾಗಿ ಮುಟ್ಟಿನ ನೈರ್ಮಲ್ಯ ಯೋಜನೆಯನ್ನು ತಂದಿತು. ಆರು ಪ್ಯಾಡುಗಳ ‘ಫ್ರೀಡೇಸ್’ ಪ್ಯಾಕೆಟಿಗೆ 6 ರೂಪಾಯಿ. ಮನೆಮನೆಗೆ ತಲುಪಿಸುವ ಆಶಾಗೆ ಪ್ಯಾಕೆಟಿಗೆ 1 ರೂಪಾಯಿ. ರಾಜ್ಯ ಸರಕಾರದ ಶುಚಿ ಯೋಜನೆಯಲ್ಲಿ ಶಾಲೆಗಳಲ್ಲಿ ಉಚಿತವಾಗಿ ಪ್ಯಾಡ್ ಹಂಚುವುದು ಆ ಬಳಿಕ ಬಂತು. ಆ ವರ್ಷಗಳಲ್ಲಿ ಅಕ್ಕ ಕಲಿತದ್ದು, ಕಲಿಸಿದ್ದು ಒಂದೇ ಪಾಠ: “ಬಟ್ಟೆ ಬಿಡಿ, ಪ್ಯಾಡ್ ಬಳಸಿ.”

ಆ ಪಾಠಕ್ಕೆ ಕಾರಣ ಇರಲಿಲ್ಲವೆಂದಲ್ಲ. ಕರಾವಳಿಯ ಮಳೆಗಾಲ ಎಂಥದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಸಮವಸ್ತ್ರವೇ ಒಣಗುವುದಿಲ್ಲ, ಇನ್ನು ಮುಟ್ಟಿನ ಬಟ್ಟೆ ಒಣಗುವುದೆಲ್ಲಿ? ಗಂಡಸರ ಕಣ್ಣಿಗೆ ಬೀಳಬಾರದೆಂದು ಅದನ್ನು ಬಚ್ಚಲಿನ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ, ಸೌದೆಯ ಕೊಟ್ಟಿಗೆಯಲ್ಲಿ ಒಣಹಾಕುವುದು ರೂಢಿ. ಹಸಿಹಸಿಯಾಗಿಯೇ ಮತ್ತೆ ಬಳಸಿದವರಿಗೆ ತುರಿಕೆ, ಹುಣ್ಣು. ಆದರೆ ಇಲ್ಲಿ ತಪ್ಪು ಬಟ್ಟೆಯದೋ, ಬಚ್ಚಿಡುವುದರದೋ? ಮೊದಲು ತಣ್ಣೀರಿನಲ್ಲಿ ನೆನೆಸಿ, ಸಾಬೂನು ಹಾಕಿ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಹತ್ತಿಬಟ್ಟೆಯಿಂದ ಯಾವ ಕೇಡೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದವರಲ್ಲಿ ಶೇ. 64 ಮಂದಿ ಪ್ಯಾಡ್ ಬಳಸುತ್ತೇವೆ ಎಂದರೆ ಶೇ. 50 ಮಂದಿ ಬಟ್ಟೆ ಬಳಸುತ್ತೇವೆ ಎಂದರು. ಎರಡನ್ನೂ ಬಳಸುವವರು ಬಹಳ ಮಂದಿ ಎಂದಾಯಿತು. ಆದರೂ ಆ ಸಮೀಕ್ಷೆಯ ಪಟ್ಟಿಯಲ್ಲಿ ಬಟ್ಟೆ ‘ನೈರ್ಮಲ್ಯದ ವಿಧಾನ’ಗಳ ಸಾಲಿನಲ್ಲಿಲ್ಲ. ಒಗೆದದ್ದೂ ಒಂದೇ, ಒಗೆಯದ್ದೂ ಒಂದೇ!

ಅಷ್ಟರಲ್ಲಿ ಗಾಳಿ ತಿರುಗಿತು. 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಹೆಣ್ಣುಮಕ್ಕಳಿಗೆ ಮುಟ್ಟಿನ ಕಪ್ ಕೊಡುವ ಕಾರ್ಯಕ್ರಮ ಶುರುವಾಯಿತು. 2024ರ ಫೆಬ್ರವರಿಯಲ್ಲಿ ‘ಶುಚಿ - ನನ್ನ ಮೈತ್ರಿ ಮುಟ್ಟಿನ ಕಪ್’ ಯೋಜನೆಗೆ ಮಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಒಳ್ಳೆಯ ಕೆಲಸವೇ. ಆದರೆ ಇಷ್ಟು ವರ್ಷ “ಒಗೆದು ಬಳಸುವುದನ್ನು ಬಿಡಿ” ಎಂದು ಹೇಳಿದ ಅಕ್ಕ ಈಗ “ತೊಳೆದು ಬಳಸುವುದೇ ಒಳ್ಳೆಯದು” ಎಂದು ಹೇಳಬೇಕು. ಯಾಕೆಂದು ಅವಳಿಗೆ ಯಾರು ಹೇಳಿಕೊಟ್ಟರು?

ನಾನು ಕೇಳಿದೆ. ಅವಳು ನಕ್ಕು ಹೇಳಿದಳು: “ಒಂದು ಸಭೆಯಲ್ಲಿ ತೋರಿಸಿದರು. ಒಂದೇ ಒಂದು ಕಪ್ ಇತ್ತು. ಅದು ಕೈಯಿಂದ ಕೈಗೆ ದಾಟಿ ಹಿಂದಿನ ಸಾಲಿಗೆ ಬರುವಾಗ ಊಟದ ಹೊತ್ತಾಗಿತ್ತು.”

ಆ ದಿನಗಳಲ್ಲೇ ಅವಳ ವ್ಯಾಪ್ತಿಯ ಒಂದು ಮನೆಯ ಹುಡುಗಿ ಕಾಲೇಜಿನಿಂದ ಕಪ್ ತಂದಿದ್ದಳು. ತಾಯಿ ಬೀಡಿ ಕಟ್ಟುವವರು. ಅವರು ಸೂಪಿನಿಂದ ತಲೆಯೆತ್ತದೆ ಕೇಳಿದರಂತೆ: “ಅಕ್ಕಾ, ಇದನ್ನು ಹಾಕಿದರೆ ನಾಳೆ ಮದುವೆಗೆ ತೊಂದರೆಯಾಗುವುದಿಲ್ಲವಾ?” ಅಕ್ಕನಲ್ಲಿ ಉತ್ತರವಿರಲಿಲ್ಲ. ಕಪ್ ಪೆಟ್ಟಿಗೆ ಸಮೇತ ಕಪಾಟಿನ ಮೇಲೆ ಹೋಯಿತು. ಅಕ್ಕ ತಾನು ನಂಬಿದ ಹಿರಿಯ ನರ್ಸೊಬ್ಬರಲ್ಲಿ ವಿಚಾರಿಸಿದಳು. ಎಷ್ಟೋ ಮಂದಿಗೆ ಕಾಪರ್-ಟಿ ಅಳವಡಿಸಿ ಪಳಗಿದ ಕೈ ಅವರದು. ಅವರೂ, “ಮದುವೆಯಾಗದವರಿಗೆ ನಾನಂತೂ ಹೇಳುವುದಿಲ್ಲ” ಎಂದುಬಿಟ್ಟರು.

ಆ ತಾಯಿಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಗಳ ಮಾನದ ಬಗ್ಗೆ ಊರು ಆಡುವ ಮಾತಿಗೆ ಹೆದರುವ ತಾಯಿಗೆ ಬೇಕಾದದ್ದು ಗದರಿಕೆಯಲ್ಲ, ಮಾಹಿತಿ. ಕನ್ಯಾಪೊರೆ ಎಂಬುದು ಬಾಗಿಲಿನಂತೆ ಮುಚ್ಚಿದ ಪರದೆಯಲ್ಲ. ಹಾಗಿದ್ದರೆ ಮುಟ್ಟಿನ ರಕ್ತ ಹೊರಬರುವುದಾದರೂ ಹೇಗೆ? ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕಪ್ ಬಳಸುವಾಗ ಅದು ಹಿಗ್ಗಬಹುದು, ಕೆಲವರಲ್ಲಿ ಸ್ವಲ್ಪ ಹರಿಯಲೂಬಹುದು. ಆದರೆ ಅದನ್ನು ನೋಡಿ ಹುಡುಗಿಯ ಕನ್ಯತ್ವವನ್ನು ಹೇಳಲು ಸಾಧ್ಯವಿಲ್ಲ. ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲೇ ಹೇಳಿವೆ. ಈ ನಾಲ್ಕು ಮಾತು ಅಕ್ಕನ ಬಾಯಲ್ಲಿದ್ದಿದ್ದರೆ ಆ ಕಪ್ ಕಪಾಟು ಹತ್ತುತ್ತಿರಲಿಲ್ಲ.

ಕಪ್ ಹೊಸ ವಸ್ತುವೇನಲ್ಲ. ಅಮೆರಿಕದ ಲಿಯೋನಾ ಚಾಮರ್ಸ್ ಎಂಬ ಮಹಿಳೆ ಇಂಥದೊಂದಕ್ಕೆ 1937ರಲ್ಲೇ ಪೇಟೆಂಟ್ ಪಡೆದಿದ್ದರು. ಈಗಿನದು ಮೃದುವಾದ ಸಿಲಿಕೋನಿನದು, ಗಂಟೆಯಾಕಾರದ್ದು. ಮಡಚಿ ಒಳಗಿಟ್ಟರೆ ಅರಳಿ ನಿಲ್ಲುತ್ತದೆ. ಹೆಚ್ಚೆಂದರೆ 12 ಗಂಟೆಯೊಳಗೆ ತೆಗೆದು, ಚೆಲ್ಲಿ, ತೊಳೆದು ಮತ್ತೆ ಇಡಬೇಕು. ತಿಂಗಳ ಮುಟ್ಟು ಮುಗಿದ ಮೇಲೆ ನೀರಿನಲ್ಲಿ ಕುದಿಸಬೇಕು. ಸರಿಯಾಗಿ ನೋಡಿಕೊಂಡರೆ ಹಲವು ವರ್ಷ ಬಾಳುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ಲೇಖನವನ್ನು ಪ್ರಕಟಿಸಿತು. ಸೋರಿಕೆ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಆದರೆ ಕೈ ಪಳಗಲು ಕೆಲವು ತಿಂಗಳು ಬೇಕು ಎಂಬುದು ಅದರ ಸಾರ. ಕಾಪರ್-ಟಿ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು. ಕಪ್ಪನ್ನು ಒಮ್ಮೆಲೇ ಎಳೆದರೆ ಕಾಪರ್-ಟಿ ಜಾರುವ ಅಪಾಯವಿದೆ. ಈ ಎಚ್ಚರಿಕೆಯನ್ನು ಹೇಳಬೇಕಾದವರೂ ಆರೋಗ್ಯ ಕಾರ್ಯಕರ್ತೆಯರೇ ಅಲ್ಲವೇ?

ಇಷ್ಟೆಲ್ಲ ತಲೆಬಿಸಿ ಯಾಕೆ, ಪ್ಯಾಡ್ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 12 ಪ್ಯಾಡಿನಂತೆ ಒಬ್ಬಳಿಗೆ ವರ್ಷಕ್ಕೆ 144. ಬೀಡಿ ಕಟ್ಟುವ ತಾಯಿ ಮತ್ತು ಮೂವರು ಹೆಣ್ಣುಮಕ್ಕಳಿರುವ ಮನೆಗೆ 576. ಅದಕ್ಕೆ ಹಣ ಎಲ್ಲಿಂದ? ಬಳಸಿದ ಮೇಲೆ ಎಸೆಯುವುದೆಲ್ಲಿ? ತೆಂಗಿನ ಬುಡದಲ್ಲಿ ಸುಟ್ಟರೆ ಪ್ಲಾಸ್ಟಿಕ್ ಹೊಗೆ, ತೋಡಿಗೆ ಎಸೆದರೆ ಮೊದಲ ಮಳೆಗೆ ಕೆಳಗಿನ ಮನೆಯ ಗದ್ದೆಗೆ. ಶುಚಿಯ ಪ್ಯಾಡ್ ಪೂರೈಕೆಯೇ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಆರಂಭವಾಯಿತು. ನಡುವಿನ ವರ್ಷಗಳಲ್ಲಿ ಬಟ್ಟೆಗೆ ಮರಳಿದ ಹುಡುಗಿಯರಿಗೆ ಅದನ್ನು ಒಗೆದು ಒಣಗಿಸುವ ರೀತಿಯನ್ನೂ ಹೇಳಿಕೊಡುವವರಿರಲಿಲ್ಲ. ಯಾಕೆಂದರೆ ಪಾಠದಲ್ಲಿ ಬಟ್ಟೆಯೇ ಇರಲಿಲ್ಲ.

ನೆರೆಯ ಕೇರಳದಲ್ಲಿ 2019ರಲ್ಲಿ ಆಲಪ್ಪುಳ ನಗರಸಭೆಯ ವ್ಯಾಪ್ತಿಯಲ್ಲಿ ‘ತಿಂಗಳ್’ ಯೋಜನೆಯಡಿ 5,000 ಕಪ್ ಹಂಚಿದರು. 2022ರ ಜನವರಿಯಲ್ಲಿ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿಯನ್ನು ದೇಶದ ಮೊದಲ ಸ್ಯಾನಿಟರಿ ನ್ಯಾಪ್‌ಕಿನ್ ಮುಕ್ತ ಪಂಚಾಯತ್ ಎಂದು ಘೋಷಿಸಲಾಯಿತು. ಘೋಷಣೆ ಸುಲಭ. ಹಂಚಿದ ಮರುದಿನ ಅಡುಗೆಮನೆಯಲ್ಲಿ ಏಳುವ ಪ್ರಶ್ನೆಗೆ ಉತ್ತರ ಹೇಳುವವರು ಇದ್ದರೆ ಮಾತ್ರ ಅದು ಬಾಳುತ್ತದೆ.

ಅಕ್ಕ ಕೊನೆಗೆ ತಾನೇ ಒಂದು ಕಪ್ ಕೊಂಡು ಬಳಸಿದಳು. ಮೊದಲ ತಿಂಗಳು ಬೇಸತ್ತು ಬಿಟ್ಟಳು. ಮೂರನೆಯ ತಿಂಗಳಿಗೆ ಸಲೀಸಾಯಿತು. ಮತ್ತೆ ಆ ಮನೆಗೆ ಹೋಗಿ ತಾಯಿಗೂ ಮಗಳಿಗೂ ಕುಳಿತು ವಿವರಿಸಿದಳು. ಹುಡುಗಿ ತನಗೆ ಸದ್ಯ ಹೊಲಿದ ಬಟ್ಟೆಯ ಪ್ಯಾಡೇ ಸಾಕೆಂದಳು. ಅದೂ ಸರಿಯೇ. ಯಾರನ್ನೂ ಒತ್ತಾಯಿಸುವ ವಿಷಯ ಇದಲ್ಲ. ಕಪಾಟಿನ ಮೇಲೆ ಹಾಗೇ ಉಳಿದಿದ್ದ ಕಪ್ಪನ್ನು ಕೆಳಗಿಳಿಸಿದವರು ಮಾತ್ರ ಆ ತಾಯಿ! ದಿನವಿಡೀ ಕುಳಿತು ಬೀಡಿ ಕಟ್ಟುವ ತನಗೆ ಪ್ಯಾಡಿನ ಉರಿ ತಪ್ಪಿತು ಎಂದರಂತೆ.

“ನಾನೇ ಬಳಸಿದ್ದೇನೆ” ಎಂಬ ಒಂದು ಮಾತಿಗೆ ಇರುವ ಬೆಲೆ ಯಾವ ಕರಪತ್ರಕ್ಕೂ ಇಲ್ಲ. ಹಾಗಾದರೆ ಕಾಲೇಜು ಹುಡುಗಿಯರಿಗಿಂತ ಮೊದಲು ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ, ನರ್ಸುಗಳಿಗೆ ಕಪ್ ಮತ್ತು ಬಟ್ಟೆಯ ಪ್ಯಾಡ್ ಕೊಡಬೇಕಲ್ಲವೇ? ಬೇಕೆನಿಸಿದವರು ಮೂರು ತಿಂಗಳು ಬಳಸಿ ನೋಡಲಿ, ಆಮೇಲೆ ಸಭೆ ಕರೆದು ಅವರ ಅನುಮಾನಗಳನ್ನು ಕೇಳಲಿ. 2025ರ ಜನವರಿಯಲ್ಲಿ ಇದೇ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲುರಾತ್ರಿ ಕುಳಿತಿದ್ದರು. ಮಾರಿದ ಪ್ಯಾಕೆಟಿಗೆ ಒಂದು ರೂಪಾಯಿಯ ಲೆಕ್ಕವಾದರೂ ಇತ್ತು. ಒಮ್ಮೆ ಕೊಟ್ಟರೆ ವರ್ಷಗಟ್ಟಲೆ ಬಾಳುವ ವಸ್ತುವಿನ ಬಗ್ಗೆ ಅಡುಗೆಮನೆಯಲ್ಲಿ ಕುಳಿತು ಆಡುವ ಮಾತನ್ನು ಯಾವ ರಿಜಿಸ್ಟರಿನಲ್ಲಿ ಬರೆಯುವುದು? ಆ ಮಾತೂ ಕೆಲಸವೇ ಎಂದು ನಾವು ಮೊದಲು ಒಪ್ಪಿಕೊಳ್ಳಬೇಕು.