ನಮ್ಮ ಪಾನಾ ಕಾಕಾ

2022ರ ಆಷಾಢದಲ್ಲಿ ನಮ್ಮ ಕಾಕಾ ತೀರಿಕೊಂಡರು. ವಯಸ್ಸು ಎಪ್ಪತ್ತರ ಆಚೆ ಈಚೆ. ಹೆಚ್ಚು ದಿನ ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ನಾವು ಅಣ್ಣತಮ್ಮಂದಿರು ಬಹಳ ದಿನದಿಂದ ಮಾತಾಡಿಕೊಳ್ಳುತ್ತಿದ್ದೆವು. ಕಾಕಾ ಪೇಪರಿನಲ್ಲಿ ಫೋಟೋ ಬಂದ ದೊಡ್ಡ ಮನುಷ್ಯರೇನಲ್ಲ. ಆದರೆ ನಮ್ಮ ಅಕ್ಕಲಕೋಟ ತಾಲೂಕಿನ ನಾಲ್ಕಾರು ಹಳ್ಳಿಗಳಲ್ಲಿ ಏನೇ ಕೆಟ್ಟು ನಿಂತರೂ ಅದು ಮೊದಲು ಬರುತ್ತಿದ್ದದ್ದು ನಮ್ಮ ಮನೆಯ ಪಡಸಾಲೆಗೆ. ಸೈಕಲ್ಲು, ಸ್ಟೋವು, ರೇಡಿಯೋ, ಹೊಲಿಗೆ ಯಂತ್ರ, ಮುರಿದ ಟ್ರಂಕು, ಕೊನೆಗೆ ಮುದುಕರ ಕನ್ನಡಕದ ಕಡ್ಡಿ ಕೂಡ! ನಟ್ಟು ಬಿಚ್ಚುವ ಪಾನಾ ಸದಾ ಅವರ ಅಂಗಿಯ ಕಿಸೆಯಲ್ಲಿ ಇರುತ್ತಿತ್ತು. ಅದಕ್ಕೇ ಊರ ಹುಡುಗರಿಗೆಲ್ಲ ಅವರು ಪಾನಾ ಕಾಕಾ.

ಕಾಕಾ ನಾಲ್ಕನೆಯ ಇಯತ್ತೆವರೆಗೆ ಊರಿನ ಕನ್ನಡ ಶಾಲೆಯಲ್ಲಿ ಕಲಿತವರು. 1972ರ ಬರಗಾಲ ನಮ್ಮ ಭಾಗದವರು ಮರೆಯುವಂಥದ್ದಲ್ಲ. ಹೊಲ ಬಿಟ್ಟು ಜನ ಬರಗಾಲದ ಕೆಲಸಕ್ಕೆ ನಿಂತರು, ರಸ್ತೆಗೆ ಖಡಿ ಒಡೆದರು, ಸರಕಾರ ಕೊಟ್ಟ ಸುಕಡಿ ತಿಂದರು. ಆಗ ಇಪ್ಪತ್ತರ ಹುಡುಗನಾಗಿದ್ದ ಕಾಕಾ ಕೆಲವು ತಿಂಗಳು ಖಡಿ ಒಡೆದು, ಸೊಲ್ಲಾಪುರಕ್ಕೆ ಹೋಗಿ ಒಂದು ಬಟ್ಟೆ ಗಿರಣಿ ಸೇರಿದರು. ಸೊಲ್ಲಾಪುರದಲ್ಲಿ ಮೊದಲ ಗಿರಣಿ ಶುರುವಾದದ್ದು 1877ರಲ್ಲಿ. ಅಲ್ಲಿ ನಮ್ಮ ಕನ್ನಡದವರು, ತೆಲುಗು ನೇಕಾರರು, ಮರಾಠಿಯವರು ಎಲ್ಲರೂ ಒಂದೇ ಪಾಳಿಯಲ್ಲಿ ದುಡಿಯುತ್ತಿದ್ದರು. ಸಾಂಚೆ ಕಸ ಗುಡಿಸಲು ಸೇರಿದ ಕಾಕಾ, ಕೆಲವೇ ವರ್ಷಗಳಲ್ಲಿ ಫಿಟರನ ಕೈಕೆಳಗೆ ನಿಂತು ಕೆಲಸ ಕಲಿತರು. ಜೊತೆಗೆ ಮೂರು ಭಾಷೆಯೂ ಬಂತು. "ಲೆಕ್ಕಾ ಕನ್ನಡದಾಗ, ಜಗಳಾ ಮರಾಠಿದಾಗ, ಊಟಾ ತೆಲುಗಿನಾಗ" ಅನ್ನುತ್ತಿದ್ದರು. 1990ರ ದಶಕದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕಾಕಾ ಬರಬೇಕಾದ ಹಣವೆಲ್ಲ ಬರದೆ, ಒಂದು ಚೀಲ ಹತ್ಯಾರು ಹೊತ್ತುಕೊಂಡು ಊರಿಗೆ ಬಂದರು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾವು ನೋಡಿಲ್ಲ.

ಬೇಸಿಗೆ ಸೂಟಿಯಲ್ಲಿ ನಾವು ಮಾಳಿಗೆ ಮೇಲೆ ಮಲಗಿದ್ದರೆ, ಬೆಳಗಿನ ಜಾವಕ್ಕೆ ಗಂಟಲಿನಿಂದಲೇ ಗಿರಣಿಯ ಭೋಂಗಾ ಊದಿ ಎಬ್ಬಿಸುತ್ತಿದ್ದರು. "ಏಳ್ರಿ, ಮೊದಲನೇ ಪಾಳಿ ಸುರು ಆತು!" ಅವರ ಎಡಗೈ ತೋರುಬೆರಳಿನ ತುದಿ ಸಾಂಚೆಗೆ ಸಿಕ್ಕು ಹೋಗಿತ್ತು. ಕೇಳಿದರೆ, "ಸೊಲ್ಲಾಪುರದಾಗ ಖೋಲಿ ಭಾಡಿಗಿಗೆ ರೊಕ್ಕ ಕಡಿಮಿ ಬಿತ್ತು, ಅಷ್ಟು ಬೆರಳ ಇಟ್ಟು ಬಂದೀನಿ" ಅನ್ನುವರು. ಅರ್ಧ, ಮುಕ್ಕಾಲು ಎಂಬುದನ್ನು ನಾವು ಕಲಿತದ್ದು ಆ ಬೆರಳಿನಿಂದಲೇ. ಕಾಕಾನ ಬೆರಳು ಒಂಬತ್ತೂವರೆಯೋ, ಒಂಬತ್ತೂ ಮುಕ್ಕಾಲೋ ಎಂದು ನಾವು ಜಗಳ ಕಾಯುತ್ತಿದ್ದೆವು. ಅವರು ನಗುತ್ತ ದಾರ ತಂದುಕೊಟ್ಟು, "ಬಾಯಿಲೆ ಯಾಕ ಜಗಳಾ? ಅಳತಿ ಮಾಡ್ರಿ" ಅನ್ನುತ್ತಿದ್ದರು.

ಕೆಟ್ಟ ವಸ್ತು ಕೈಗೆ ಬಂದ ಕೂಡಲೆ ಅವರು ಬಿಚ್ಚುತ್ತಿರಲಿಲ್ಲ. ಮೊದಲು ತಂದವರನ್ನು ಕೂಡಿಸಿ ಚಹಾ ಕೊಟ್ಟು ಕೇಳುತ್ತಿದ್ದರು. ಯಾವಾಗಿಂದ ಹೀಗಾಗಿದೆ? ಕೆಡುವ ಮೊದಲು ಸಪ್ಪಳ ಹೇಗೆ ಬರುತ್ತಿತ್ತು? ಕೆಳಗೆ ಬಿದ್ದಿತ್ತೇ? ಆಮೇಲೆ ಬಿಚ್ಚಿದ ಒಂದೊಂದೇ ಸ್ಕ್ರೂವನ್ನು ಹಳೆ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದರು. ಕೂಡಿಸುವಾಗ ಆ ಸಾಲನ್ನೇ ಹಿಂದಿನಿಂದ ಎತ್ತಿಕೊಳ್ಳುವುದು. "ಎಲ್ಲಾ ಕೂಡ್ಸಿದ ಮ್ಯಾಲೂ ಒಂದು ಸ್ಕ್ರೂ ಉಳೀತು ಅಂದ್ರ, ಕಂಪನಿಯಾಂವ ದಡ್ಡ ಅಂತ ತಿಳೀಬ್ಯಾಡ್ರಿ" ಎಂದು ನಮಗೆ ಹೇಳುತ್ತಿದ್ದರು. ಒಮ್ಮೆ ಒಬ್ಬರು ತಂದ ರೇಡಿಯೋದೊಳಗೆ ಜಿರಲೆ ಮರಿ ಮಾಡಿದ್ದವು. ಕಾಕಾ ಗಂಭೀರವಾಗಿ, "ಇದರಾಗ ಸುದ್ದಿ ಓದಾವ್ರು ಸಂಸಾರ ಸಮೇತ ಬಂದು ಇದ್ದಾರ, ಖಾಲಿ ಮಾಡ್ಸಬೇಕು" ಅಂದರು. ಅವತ್ತಿನ ಕೂಲಿ ಎರಡು ಶೇರು ಜೋಳ.

ಊರಿನ ಬೋರಿಂಗು ಅಂದರೆ ಕೈಪಂಪು ಅವರ ವಿಶೇಷ ಪ್ರೀತಿಯದು. ಅದು ಕೆಟ್ಟರೆ ತಾಲೂಕಿನಿಂದ ಜೀಪು ಬರುವವರೆಗೆ ಹೆಣ್ಣುಮಕ್ಕಳು ಹೊಲದ ಬಾವಿಗೆ ನಡೆಯಬೇಕಿತ್ತು. ಮೇಲಿನ ಚೈನು, ಬೇರಿಂಗು ಆದರೆ ಕಾಕಾ ಒಬ್ಬರೇ ನೋಡುತ್ತಿದ್ದರು. ಕೆಳಗಿನ ವಾಸರು ಸವೆದಿದ್ದರೆ ಪೈಪುಗಳನ್ನೆಲ್ಲ ಮೇಲೆತ್ತಬೇಕು, ಐದಾರು ಗಂಡಾಳು ಬೇಕು. ಆಗ ಕಾಕಾ ಚಾವಡಿ ಕಟ್ಟೆಯ ಮೇಲೆ ಎಲೆ ಆಡುತ್ತಿದ್ದವರನ್ನೇ ಎಬ್ಬಿಸಿ ತರುತ್ತಿದ್ದರು. ಈ ಪಂಪಿನ ಬಗ್ಗೆ ನಾವು ಒಂದು ಸಂಗತಿ ಓದಿ ಅವರಿಗೆ ಹೇಳಿದ್ದೆವು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ತಯಾರಾದ ಇಂಡಿಯಾ ಮಾರ್ಕ್-2 ಪಂಪಿಗೆ ಮೂಲ ಮಾದರಿ ನಮ್ಮ 'ಸೊಲ್ಲಾಪುರ ಪಂಪು'. ಆ ಮಾರ್ಕ್-2 ಈಗ ಆಫ್ರಿಕಾದ ಎಷ್ಟೋ ದೇಶಗಳ ಹಳ್ಳಿಗಳಿಗೆ ನೀರು ಕೊಡುತ್ತಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆಫ್ರಿಕಾದಾಗೂ ನಮಗ ಬೀಗರು ಅದಾರ ಅನ್ನು. ಚೈನಿಗಿ ಗ್ರೀಸು ಹಚ್ಚೋದು ಮರೀಬ್ಯಾಡ್ರಿ ಅಂತ ಕಾಗದ ಬರಿ" ಅಂದರು!

ನಾವು ಟಿ.ಸಿ.ಎಚ್. ಮುಗಿಸಿ ಮಾಸ್ತರಿಕೆಗೆ ಸೇರಿದ ಮೇಲೆ ಕಾಕಾ ಶಾಲೆಗೂ ಬರತೊಡಗಿದರು. ಒಂದು ದಿನ ನಾವು ಹಲಗೆಯ ಮೇಲೆ ಸನ್ನೆಯ ಚಿತ್ರ ಬರೆದು ಭಾರ, ಬಲ, ಆಧಾರ ಬಿಂದು ಎಂದು ಹೇಳಿಕೊಡುತ್ತಿದ್ದೆವು. ಕಿಟಕಿ ರಿಪೇರಿಗೆ ಬಂದಿದ್ದ ಕಾಕಾ, "ಮಾಸ್ತರ, ಹುಡುಗರನ್ನ ಒಂದೀಟು ಹೊರಗ ಕಳಸ್ರಿ" ಅಂದರು. ನಮಗೆ ಅವರು ಮನೆಯಲ್ಲಿ ತಮ್ಮಾ ಅನ್ನುವವರು, ಶಾಲೆಯ ಅಂಗಳದಲ್ಲಿ ಮಾತ್ರ ಮಾಸ್ತರ! ಪಂಪಿನ ಹತ್ತಿರ ತರಗತಿಯ ಗಟ್ಟಿ ಹುಡುಗನನ್ನು ಕರೆದು ಹಿಡಿಕೆಯನ್ನು ಬುಡದ ಹತ್ತಿರ ಹಿಡಿದು ಹೊಡೆ ಅಂದರು. ಅವನ ಮುಖ ಕೆಂಪಾಯಿತು, ನೀರು ಬರಲಿಲ್ಲ. ಆಮೇಲೆ ಎಲ್ಲರಿಗಿಂತ ಸಣ್ಣ ಹುಡುಗಿಯನ್ನು ಕರೆದು ಹಿಡಿಕೆಯ ತುದಿ ಹಿಡಿಸಿದರು. ನೀರು ಧೋ ಎಂದು ಬಂತು. "ಈಗ ಹೇಳ್ರಿ, ಶಕ್ತಿ ಯಾರದು?" ಒಬ್ಬ ಹುಡುಗ "ಉದ್ದದ್ದು" ಅಂದ. ಕಾಕಾ ಅವನ ಬೆನ್ನು ತಟ್ಟಿ, "ಇದಕ್ಕ ನಿಮ್ಮ ಪುಸ್ತಕದಾಗ ಸನ್ನೆ ಅಂತಾರ, ನಾವು ಹಾರಿ ಹಾಕೂದು ಅಂತೀವಿ. ಎರಡೂ ನೆನಪಿಡ್ರಿ" ಅಂದರು. ಆ ತರಗತಿಯ ಮಕ್ಕಳು ಆ ಪಾಠ ಮರೆತದ್ದಿಲ್ಲ.

ಹೊಸ ಪುಸ್ತಕ ಬರುವುದು ತಡವಾದ ಒಂದು ವರ್ಷ, ಹಿಂದಿನ ವರ್ಷದ ಹರಿದ ಪುಸ್ತಕಗಳನ್ನೇ ಕೂಡಿಸಿದೆವು. ಮರಾಠಿ ಪುಸ್ತಕವಾದರೆ ಪೇಟೆಯಲ್ಲಿ ಸಿಕ್ಕೀತು, ಕನ್ನಡದ್ದು ಎಲ್ಲಿಂದ ತರುವುದು? ಕಾಕಾ ದಬ್ಬಣ, ದಾರ, ಸಿಮೆಂಟು ಚೀಲದ ಕಾಗದ ಹಿಡಿದುಕೊಂಡು ಮೂರು ಸಂಜೆ ಕುಳಿತು ನಲವತ್ತಕ್ಕೂ ಹೆಚ್ಚು ಪುಸ್ತಕ ಹೊಲಿದು ಕೊಟ್ಟರು. ಪುಟ ಹಿಂದು ಮುಂದಾಗದಂತೆ ಅಂಕಿ ನೋಡಿ ನೋಡಿ ಜೋಡಿಸಿದರು. ನಡುನಡುವೆ ಕನ್ನಡಕ ಮೇಲೇರಿಸಿ ಪಾಠವನ್ನೂ ಓದುತ್ತಿದ್ದರು. ಅವರ ಓದು ನಾಲ್ಕನೆಯ ಇಯತ್ತೆಗೇ ನಿಂತಿತ್ತು. "ಐದನೇದು ಈಗ ಮುಗೀತು ನೋಡ್ರಿ" ಎಂದು ನಕ್ಕರು.

ಅವರಿಂದ ನಾವು ಶಿಕ್ಷಕರು ಕಲಿತದ್ದು ಕೇಳುವುದನ್ನು. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗ ದೀಪಾವಳಿ ಸೂಟಿಯ ನಂತರ ಬಾಯಿ ತೆರೆಯುವುದನ್ನೇ ಬಿಟ್ಟ. ಬೈದರೆ ತಲೆ ತಗ್ಗಿಸುವನು, ಅಷ್ಟೇ. ಮನೆಯಲ್ಲಿ ಮಾತು ಬಂದಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗಿಂದ?" ಹಾಗೆ ಹಿಂದೆ ಹೋಗಿ ವಿಚಾರಿಸಿದಾಗ ತಿಳಿಯಿತು, ತಂದೆತಾಯಿ ಕಬ್ಬು ಕಡಿಯಲು ಹೋಗಿದ್ದರು, ಹುಡುಗ ಕಣ್ಣು ಕಾಣದ ಅಜ್ಜಿಯ ಹತ್ತಿರ ಇದ್ದ, ರೊಟ್ಟಿ ತಾನೇ ಬಡಿಯುತ್ತಿದ್ದ. ಮಧ್ಯಾಹ್ನದ ಊಟದಲ್ಲಿ ಅವನಿಗೆ ಒಂದಿಷ್ಟು ಹೆಚ್ಚು ಕಟ್ಟಿಕೊಡುವ ವ್ಯವಸ್ಥೆ ಆಯಿತು. ಸಂಕ್ರಾಂತಿ ಹೊತ್ತಿಗೆ ಹುಡುಗ ಮತ್ತೆ ಗಟ್ಟಿಯಾಗಿ ಓದತೊಡಗಿದ.

ಕಾಕಾನ ಮಣ್ಣಿಗೆ ಬಂದ ಜನ ನೋಡಿ ನಮಗೇ ಆಶ್ಚರ್ಯವಾಯಿತು. ಪಕ್ಕದ ಊರಿನ ಮರಾಠಿ ಮುದುಕರೊಬ್ಬರು "ಆಮಚಾ ಮಿಸ್ತ್ರೀ ಗೇಲಾ" ಎಂದು ಮಗುವಿನಂತೆ ಅತ್ತರು. ದಿನಕರ್ಮ ಮುಗಿದ ಮೇಲೆ ನಾವು ಪಡಸಾಲೆ ತೆಗೆದು ನೋಡಿದೆವು. ರಿಪೇರಿಗೆ ಬಂದ ವಸ್ತು ಹದಿನಾಲ್ಕು ಇದ್ದವು. ಪ್ರತಿಯೊಂದರ ಮೇಲೂ ಸುಣ್ಣದ ಕಡ್ಡಿಯಿಂದ ಕನ್ನಡದಲ್ಲಿ ಯಜಮಾನರ ಹೆಸರು, ಊರು. ಒಂಬತ್ತು ರಿಪೇರಿ ಆಗಿದ್ದವು. ಒಂದು ಫ್ಯಾನಿಗೆ ಚೀಟಿ ಕಟ್ಟಿತ್ತು: "ಬುಶ್ ಸಿಗಲಿಲ್ಲ. ಬರುವ ಸಂತಿಗೆ ತರುವುದು. ರೊಕ್ಕ ಕೇಳಬಾರದು, ವಿಧವಾ ಬಾಯಿ." ಆ ಚೀಟಿ ಓದಿ ಕಾಕಿಯೂ ಅತ್ತಳು, ನಾವೂ ಅತ್ತೆವು. ಬುಶ್ಶನ್ನು ಸೊಲ್ಲಾಪುರದಿಂದ ತರಿಸಿ ನಾವೇ ಕೂಡಿಸಿದೆವು. ಸ್ಕ್ರೂ ಒಂದೂ ಉಳಿಯಲಿಲ್ಲ.

ಹತ್ಯಾರಿನ ಚೀಲವನ್ನು ಕಾಕಿ ಶಾಲೆಗೆ ಕೊಟ್ಟಳು. ಶನಿವಾರದ ಕೊನೆಯ ತಾಸು ಈಗ ಮಕ್ಕಳು ಅದನ್ನು ಬಿಚ್ಚುತ್ತಾರೆ. ಪಂಕ್ಚರ್ ತೆಗೆಯುವುದು, ಪುಸ್ತಕ ಹೊಲಿಯುವುದು, ಪಂಪಿನ ಚೈನಿಗೆ ಗ್ರೀಸು ಹಚ್ಚುವುದು ಇಷ್ಟು ಬರುತ್ತದೆ. ಹುಡುಗಿಯರೇ ಚುರುಕು. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ಆ ತಾಸಿಗೆ ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳೂ ಕಂಪೌಂಡಿನ ಮೇಲೆ ಬಂದು ಕೂಡುತ್ತಾರೆ. ನಾವು ಒಳಗೆ ಕರೆಯುತ್ತೇವೆ.

ಹತ್ಯಾರುಗಳ ಹೆಸರನ್ನೂ ಮಕ್ಕಳು ಬರೆದಿಡುತ್ತಿದ್ದಾರೆ: ಪಾನಾ, ಪಕ್ಕಡ, ಕಾನಸ, ಛನ್ನಿ, ಹಾರಿ, ಬಾಚಿ, ಉಳಿ, ದಬ್ಬಣ... ಯಾವುದು ಕನ್ನಡ, ಯಾವುದು ಮರಾಠಿ ಎಂದು ಕಾಕಾ ಎಂದೂ ಬೇರೆ ಮಾಡಿದವರಲ್ಲ, ನಾವೂ ಮಾಡಿಲ್ಲ. ಜತ್ತ, ಸೊಲ್ಲಾಪುರ, ಕಾಸರಗೋಡು, ಆದೋನಿ ಕಡೆಯ ಶಿಕ್ಷಕ ಬಂಧುಗಳೇ, ನಿಮ್ಮೂರಿನ ಮಿಸ್ತ್ರಿಗಳು ಇವಕ್ಕೆ ಏನನ್ನುತ್ತಾರೆ? ನಿಮ್ಮ ಮಕ್ಕಳಿಂದ ಬರೆಸಿ ಕಳಿಸಿಕೊಡಿ. ನಮ್ಮ ಮಕ್ಕಳು ಪಟ್ಟಿಯಲ್ಲಿ ಜಾಗ ಬಿಟ್ಟಿದ್ದಾರೆ.