ಜೇಬಿನ ಚೂರಿ

ಬ್ಯಾಂಕಿನ ಗುಮಾಸ್ತನಿಗೆ ಚೂರಿಯೇಕೆ ಎಂದು ನಗುವವರುಂಟು. ತಾಳವಾಡಿಯಲ್ಲಿ ಸಂಜೆ ಮೇಜು ಬಿಟ್ಟವನು ಹೊಲಕ್ಕಿಳಿಯಬೇಕು. ಬಾಳೆ ಎಲೆಗೂ ಕಬ್ಬಿಗೂ ಹಸುವಿನ ಕಾಲಿಗೆ ಸಿಕ್ಕಿಕೊಂಡ ಹಗ್ಗಕ್ಕೂ ಅದು ಬೇಕು. ನಾನು ಆರಿಸುವುದು ಮೂರೂವರೆ ಅಂಗುಲದ ಅಲಗು; ಬೆನ್ನು ಮೆಲ್ಲಗೆ ಇಳಿದು ಮೊನೆ ನಡುಮಟ್ಟಕ್ಕೆ ಬಂದಿರಬೇಕು. ಅಂಥ ಮೊನೆಯ ಹಿಂದೆ ಉಕ್ಕು ದಪ್ಪ, ಬೇಗ ಮುರಿಯದು. ಹಗ್ಗದಡಿಯ ಚರ್ಮಕ್ಕೆ ಚುಚ್ಚುವುದೂ ಕಡಿಮೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಹದವಾಗಿ ಮಾಡಿದ್ದು ಬೇಗ ಮೊಂಡಾಗದು. ಒರೆಸಿ ಎಣ್ಣೆ ಸವರದಿದ್ದರೆ ಮಾತ್ರ ತುಕ್ಕು ಹಿಡಿಯುತ್ತದೆ.

ತಮಿಳಿನಲ್ಲೂ ಮಲಯಾಳದಲ್ಲೂ ಇದು ಕತ್ತಿ. ನಮಗೆ ಕತ್ತಿ ದೊಡ್ಡದು, ಚೂರಿ ಚಿಕ್ಕದು. 1956ರಲ್ಲಿ ಗಡಿ ಎಳೆದಾಗ ನಮ್ಮ ಬೆಟ್ಟ ಮದರಾಸಿನಲ್ಲೇ ಉಳಿಯಿತು. ತಮಿಳಿನಲ್ಲಿ ಓದುವ ಮಗಳಿಗೆ ಎರಡೂ ಕತ್ತಿಯೇ. ಕುಲುಮೆಯ ಮುಂದೆ ನಿಂತು ಬೆನ್ನು, ಅಲಗು, ಮೊನೆ, ಹಿಡಿ ಎಂದು ಹೇಳಿ ಮಾಡಿಸುವವರಿಲ್ಲದಿದ್ದರೆ ಈ ಮಾತುಗಳಿಗೂ ತುಕ್ಕೇ. ಮುಂದಿನ ಚೂರಿಗೆ ಅವಳನ್ನೇ ಕರೆದೊಯ್ಯುತ್ತೇನೆ. ಅಳತೆ ಅವಳೇ ಹೇಳಲಿ.