ಗೋಲಿನ ಮೇಲೆ ದುಡ್ಡು ಹಾಕಬೇಡಿ

ಕೊಡಗಿನ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಕೇರಳದ ಇರಿಟ್ಟಿ ಕಡೆ ಇಳಿದರೆ, ಫುಟ್ಬಾಲ್ ವಿಶ್ವಕಪ್ ಕಾಲದಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಬಾವುಟಗಳದ್ದೇ ಹಬ್ಬ. ಈ ಪ್ರೀತಿಯ ಮೇಲೆ ಈಗ ದುಡ್ಡಿನ ಕಣ್ಣು ಬಿದ್ದಿದೆ.

ಕಾಲ್ಶಿ, ಪಾಲಿಮಾರ್ಕೆಟ್‌ನಂಥ ಅಮೆರಿಕದ ವೇದಿಕೆಗಳಲ್ಲಿ ಫುಟ್ಬಾಲ್ ಫಲಿತಾಂಶವೂ ಷೇರಿನಂತೆ ಬಿಕರಿಯಾಗುತ್ತದೆ. ‘ಈ ತಂಡ ಗೆಲ್ಲುತ್ತದೆ’ ಎಂದು 60 ಸೆಂಟ್ ಹಾಕಿದರೆ, ಗೆದ್ದಾಗ 1 ಡಾಲರ್, ಸೋತರೆ ಸೊನ್ನೆ. ಲೀಗ್ ಪಂದ್ಯ ಡ್ರಾ ಆದರೂ ಸೊನ್ನೆಯೇ. ಕೊನೇ ನಿಮಿಷದ ಒಂದು ಗೋಲು ಸಾಕು, ಹಾಕಿದ್ದೆಲ್ಲ ಹೋಗಲು.

ನಮ್ಮಲ್ಲೂ ಪ್ರೋಬೋದಂಥ ಆ್ಯಪ್‌ಗಳು ಇದನ್ನು ‘ಒಪಿನಿಯನ್ ಟ್ರೇಡಿಂಗ್’ ಎಂದು ನಡೆಸಿದ್ದವು. ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ, ಹೂಡಿಕೆದಾರರಿಗೆ ರಕ್ಷಣೆ ಸಿಗದು ಎಂದು ಷೇರುಪೇಟೆ ನಿಯಂತ್ರಕ ಸೆಬಿ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ.

ಆಡುವವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಆದರೆ ವಿಪಿಎನ್ ಹಾಕಿ ವಿದೇಶಿ ತಾಣಕ್ಕೆ ಕಟ್ಟಿದ ದುಡ್ಡು ಸಿಕ್ಕಿಕೊಂಡರೆ, ಯಾರ ಹತ್ತಿರ ಹೋಗಿ ಕೇಳುತ್ತೀರಿ?

ತಮ್ಮಂದಿರೇ, ತಂಡಕ್ಕಾಗಿ ಕೂಗಿ, ಮೈದಾನಕ್ಕಿಳಿದು ಆಡಿ. ಮನೆಯ ದುಡ್ಡನ್ನು ಮಾತ್ರ ಪಂದ್ಯಕ್ಕೆ ಕಟ್ಟಬೇಡಿ.